ಕುಂಕುಮ ಹಚ್ಚಿದ ಸೇತುವೆ

ಅರವತ್ತರ ದಶಕದಲ್ಲಿ ಹುಬ್ಬಳ್ಳಿಯಲ್ಲಿ ಇಂಜಿನಿಯರಿಂಗ್ ಓದುವಾಗ ನಾನೊಬ್ಬ ಮಹಾ ಜಿದ್ದಿನ ಹುಡುಗ. ಕಾಲೇಜು ಕಾಲೇಜುಗಳ ನಡುವೆ ಬಿದಿರಿನ ಮಾದರಿ ಸೇತುವೆ ಕಟ್ಟುವ ಸ್ಪರ್ಧೆ ಬಂತು. ನಮ್ಮನ್ನು ಹಳ್ಳಿ ಗುಗ್ಗುಗಳೆನ್ನುತ್ತಿದ್ದ ಪೇಟೆ ಹುಡುಗರ ಬಾಯಿ ಮುಚ್ಚಿಸಬೇಕೆಂದೇ ನಾನು ಹೆಸರು ಕೊಟ್ಟೆ. ಜೊತೆಗಾರ ಸವಣೂರಿನವನು, ಅತ್ತರು ವ್ಯಾಪಾರಿಯ ಮಗ. ಪುಣ್ಯಾತ್ಮನಿಗೆ ಗೆಲ್ಲುವ ಹುಚ್ಚೇ ಇರಲಿಲ್ಲ. ಸೇತುವೆ ಎಷ್ಟು ಭಾರ ತಾಳೀತೆಂಬ ಕುತೂಹಲವೊಂದೇ.

ದಸರೆಗೆ ಹಾಸ್ಟೆಲ್ ಮುಚ್ಚಿದಾಗ ಸೇತುವೆಯನ್ನು ತೊಡೆಯ ಮೇಲಿಟ್ಟುಕೊಂಡು ಬಸ್ಸಿನಲ್ಲಿ ದುಂಡಸಿಗೆ, ನಮ್ಮ ಮನೆಗೆ ತಂದೆವು. ತಡಸದಲ್ಲಿ ಹತ್ತಿದ ಹೆಂಗಸೊಬ್ಬಳು ಗಿಳಿ ಪಂಜರವೆಂದು ತಿಳಿದು ಬೆಲೆ ಕೇಳಿದಳು. ಮಹಾನವಮಿಯಂದು ಅವ್ವ ನೇಗಿಲು, ಕುಡುಗೋಲುಗಳ ಸಾಲಿನಲ್ಲಿ ಅದನ್ನೂ ಇಟ್ಟು ಕುಂಕುಮ ಹಚ್ಚಿದಳು.

ಸ್ಪರ್ಧೆಯ ದಿನ ಅವ್ವನೂ ಬಂದು ಮುಂದಿನ ಸಾಲಿನಲ್ಲಿ ಕುಳಿತಳು. ಸೇತುವೆಗೆ ಬಕೆಟ್ಟು ತೂಗುಹಾಕಿ, ಮುರಿಯುವ ತನಕ ತೂಕದ ಕಲ್ಲು ಹಾಕುತ್ತ ಹೋಗುವುದು ಕ್ರಮ. ನಡುವೆ ಸಾಕೆಂದರೆ ಅಲ್ಲಿಗೇ ಲೆಕ್ಕ. ಎಲ್ಲರಿಗಿಂತ ಹೆಚ್ಚು ಭಾರ ಹೊತ್ತಿದ್ದ ಪೇಟೆ ಹುಡುಗರದೂ ಆಗಲೇ ಮುರಿದಿತ್ತು. ನಮ್ಮದು ಇನ್ನೆರಡು ಕಲ್ಲು ತಾಳಿದರೆ ಮೊದಲ ಬಹುಮಾನ. ಬಿದಿರು ಕಿರುಗುಟ್ಟಿತು. ಜೊತೆಗಾರ ಅವ್ವನ ಕಡೆ ನೋಡಿದವನೇ "ಸಾಕ್ರಿ ಸರ್" ಎಂದುಬಿಟ್ಟ.

ನನ್ನ ಪಿತ್ತ ನೆತ್ತಿಗೇರಿತು. ಹೊರಗೆ ಬಂದು ಅವನ ಕೊರಳಪಟ್ಟಿ ಹಿಡಿದೆ.

"ಅವ್ವ ಕುಂಕುಮ ಹಚ್ಚ್ಯಾರಲೇ. ಅವರ ಕಣ್ಣ ಮುಂದ ಹೆಂಗ ಮುರಿಯೂದು?" ಎಂದ.

ಹಿಂದೆಯೇ ಬಂದಿದ್ದ ಅವ್ವನಿಗೆ ಅದು ಕೇಳಿಸಿತು. "ಪೂಜಿ ಮಾಡಿದ ಕುಡಗೋಲು ಮರುದಿನ ಹೊಲಕ್ಕ ಹೋಗೂದಿಲ್ಲೇನಪಾ? ಎಷ್ಟ್ ತಾಳತೈತಿ ಅಂತ ನೋಡಾಕ ನಾ ಬಸ್ ಹತ್ತಿ ಬಂದೇನಿ" ಎಂದಳು.

ಇಬ್ಬರೂ ಪೆಚ್ಚಾದೆವು. ಸೇತುವೆ ಹೊತ್ತು ಮೂವರೂ ಊರಿಗೆ ಬಂದೆವು. ಅಂಗಳದಲ್ಲಿ ಎರಡು ಬೆಂಚುಗಳ ನಡುವೆ ಅದನ್ನಿಟ್ಟು, ಪಕ್ಕದ ಅಂಗಡಿಯಿಂದ ತೂಕದ ಕಲ್ಲು ತಂದೆವು. ಹಾಕುವ ಕೆಲಸ ಅವ್ವನದು. ಗೆದ್ದವರ ಸೇತುವೆ ಹೊತ್ತಷ್ಟನ್ನೂ ನಮ್ಮದು ಹೊತ್ತಿತು. ಮೇಲೊಂದು ಇಟ್ಟಳು, ಅದನ್ನೂ ಹೊತ್ತಿತು. ಮತ್ತೊಂದಕ್ಕೆ ಚಟ್ಟೆಂದು ಮುರಿಯಿತು. ಅವ್ವನ ಮುಖ ಊರಗಲವಾಯಿತು. ಬಹುಮಾನ ಹೋದ ಸಂಕಟಕ್ಕೋ, ಸೇತುವೆ ಅಷ್ಟು ತಾಳಿದ ಸಂತೋಷಕ್ಕೋ, ನನಗೆ ಅಳು ಬಂತು.

ಜೊತೆಗಾರ ಚೂರುಗಳನ್ನು ಆರಿಸುತ್ತ, "ಅವ್ವಾರ, ಮುಂದಿನ ವರ್ಷಾನೂ ಕುಂಕುಮ ಹಚ್ಚಬೇಕ್ರಿ" ಎಂದ.

"ಹಚ್ತೇನಪಾ. ಆದ್ರ ನಡುವ ಸಾಕ್ರಿ ಅನ್ನಾಂಗಿಲ್ಲ ನೋಡು."