ದೊಡ್ಡಮ್ಮ ಕಲಿಸಿದ ನೀರಿನ ಪಾಠ

ಐವತ್ತರ ದಶಕದಲ್ಲಿ ಮೂಡಲಪಾಳ್ಯ ಇನ್ನೂ ಹಳ್ಳಿ. ನಮ್ಮ ಮನೆಯ ಹಿಂದೆ ರಾಗಿ ಹೊಲ, ಹೊಲದಾಚೆ ಕೆರೆ. ರಾಜಾಜಿನಗರದ ಕಡೆ ಹೊಸ ಮನೆಗಳು ಏಳುತ್ತಿದ್ದುದರಿಂದ ಇಟ್ಟಿಗೆ ಸುಡುವವರು ಬೇಸಿಗೆಯಲ್ಲಿ ಬಂದು ಕೆರೆಯಂಗಳದ ಮಣ್ಣು ತೋಡಿಕೊಂಡು ಹೋಗುತ್ತಿದ್ದರು. ಮಳೆ ಬಂದು ನೀರು ನಿಂತ ಮೇಲೆ ಆ ಗುಂಡಿಗಳು ಎಲ್ಲಿವೆಯೆಂದು ಯಾರಿಗೂ ಕಾಣುತ್ತಿರಲಿಲ್ಲ.

ಅಪ್ಪನ ಅತ್ತಿಗೆ, ನಮ್ಮ ದೊಡ್ಡಮ್ಮನಿಗೆ ಇದೇ ಚಿಂತೆ. ಅವರ ತವರು ಹೊಳೆ ದಂಡೆಯ ಊರು. ಸಂಜೆ ಕಣದಲ್ಲಿ ಮಕ್ಕಳನ್ನೆಲ್ಲ ಸೇರಿಸಿ, ಕುಡುಗೋಲನ್ನು ಇನ್ನೊಬ್ಬರ ಕೈಗೆ ಹೇಗೆ ಕೊಡಬೇಕು, ಎತ್ತಿನ ಹಿಂದೆ ಯಾಕೆ ಸುಳಿಯಬಾರದು ಎಂದು ಮಾಡಿ ತೋರಿಸುತ್ತಿದ್ದರು. ಕೊನೆಗೆ ನೀರಿನ ಪಾಠ.

“ಜೊತೇಲಿರೋರು ನೀರಿಗೆ ಬಿದ್ರೆ ಏನ್ ಮಾಡ್ತೀರ?”

“ನಾವೂ ಹಾರ್ತೀವಿ ದೊಡ್ಡಮ್ಮ!”

“ಹಾರಿದ್ರೆ ಇಬ್ರೂ ಹೋಗ್ತೀರ ಕಣ್ರೋ. ದಡದಲ್ಲಿ ಬೋರಲು ಮಲಗ್ಬೇಕು. ಹಗ್ಗನೋ, ಕೋಲೋ, ಕೈಗೆ ಸಿಕ್ಕಿದ್ದು ಚಾಚ್ಬೇಕು. ಊರೆಲ್ಲ ಕೇಳೋ ಹಾಗೆ ಕೂಗ್ಬೇಕು.”

ಒಬ್ಬರು ಹುಲ್ಲಿನ ಮೇಲೆ ಮುಳುಗುವವರಂತೆ ಕೈಕಾಲು ಬಡಿಯಬೇಕು, ಉಳಿದವರು ಹಗ್ಗ ಎಸೆದು ಎಳೆಯಬೇಕು. ನಮಗದು ಆಟ. ಪಕ್ಕದ ಮನೆಯ ನನ್ನ ಗೆಳತಿಯಂತೂ ನಗು ತಡೆಯಲಾರದೆ ಹಗ್ಗ ಕೈಬಿಡುತ್ತಿದ್ದಳು.

ಒಂದು ಮಳೆಗಾಲ ಮುಗಿದ ಮೇಲೆ ನಾವಿಬ್ಬರೂ ಎಮ್ಮೆ ಮೈ ತೊಳೆಯಲು ಕೆರೆಗೆ ಹೋದೆವು. ದಡದ ಹತ್ತಿರವೇ, ಮೊಣಕಾಲುದ್ದದ ನೀರಲ್ಲಿ ನಿಂತಿದ್ದವಳು ಸ್ವಲ್ಪ ಹಿಂದೆ ಸರಿದೆ ಅಷ್ಟೆ, ಕಾಲ ಕೆಳಗೆ ನೆಲವೇ ಇರಲಿಲ್ಲ. ಲಂಗ ನೆನೆದು ಕಾಲಿಗೆ ಸುತ್ತಿಕೊಂಡಿತು. ಒಮ್ಮೆ ಮೇಲೆ ಬಂದಾಗ ಗೆಳತಿ ನನ್ನ ಕಡೆ ಓಡಿ ಬರುವುದು ಕಂಡಿತು. ತಟ್ಟನೆ ನಿಂತಳು. ಬೆನ್ನು ತಿರುಗಿಸಿ ದಡಕ್ಕೆ ಓಡಿದಳು. ನನ್ನನ್ನು ಬಿಟ್ಟು ಹೋದಳೆಂದೇ ತಿಳಿದೆ.

ಅವಳು ಹೋದದ್ದು ಎಮ್ಮೆಯ ಹಗ್ಗ ಬಿಚ್ಚಲು. ಕೆಸರಿನಲ್ಲಿ ಬೋರಲು ಮಲಗಿ ಎಸೆದಳು. ಮೊದಲ ಸಲ ಗುರಿ ತಪ್ಪಿತು. ಮತ್ತೆ ಎಸೆದಾಗ ನನ್ನ ತೋಳಿನ ಮೇಲೆ ಬಿತ್ತು. “ಹಿಡ್ಕೊಳೇ! ಬಿಡ್ಬೇಡ ಕಣೇ!” ಎಂದು ನನಗೂ, “ದೊಡ್ಡಮ್ಮಾ!” ಎಂದು ಹೊಲದ ಕಡೆಗೂ ಕೂಗುತ್ತಲೇ ಇದ್ದಳು. ಕಳೆ ಕೀಳುತ್ತಿದ್ದ ದೊಡ್ಡಮ್ಮ ಓಡಿ ಬಂದರು. ಇಬ್ಬರೂ ಸೇರಿ ನನ್ನನ್ನು ಎಳೆದು ಹಾಕಿದರು.

ದೊಡ್ಡಮ್ಮ ಬೈಯಲಿಲ್ಲ. ನಾನು ನೀರು ಕಾರಿಕೊಂಡು ಮುಗಿಸುವವರೆಗೂ ಬೆನ್ನು ಸವರಿದರು. ಆಮೇಲೆ ಗೆಳತಿಯ ಮುಖದ ಕೆಸರನ್ನು ಸೆರಗಿನಿಂದ ಒರೆಸಿ, “ಭಯ ಆಗ್ಲಿಲ್ವೇನೇ?” ಎಂದರು.

“ಆಯ್ತು ದೊಡ್ಡಮ್ಮ. ಏನೂ ತೋಚ್ಲಿಲ್ಲ. ನೀವ್ ಹೇಳಿದ್ದನ್ನೇ ಮಾಡ್ದೆ,” ಎಂದವಳು ಜೋರಾಗಿ ಅಳತೊಡಗಿದಳು.

ಅಲ್ಲಿಯವರೆಗೆ ನಮ್ಮೂರಲ್ಲಿ ಈಜು ಗಂಡುಹುಡುಗರಿಗೆ ಮಾತ್ರ. ದೊಡ್ಡಮ್ಮ ಮನೆಮನೆಗೆ ಹೋಗಿ ತಾಯಂದಿರನ್ನು ಒಪ್ಪಿಸಿದರು. ಮುಂದಿನ ಬೇಸಿಗೆಯಲ್ಲಿ ಒಣಗಿದ ಸೋರೆಬುರುಡೆ ಸೊಂಟಕ್ಕೆ ಕಟ್ಟಿ ನಮ್ಮನ್ನು ಮೆಟ್ಟಿಲುಬಾವಿಗೆ ಇಳಿಸಿದರು. ಮೇಲೆ ನಿಂತ ಅಮ್ಮ ಕಣ್ಣು ಮುಚ್ಚಿಕೊಂಡೇ, “ತೇಲ್ತಾ ಇದ್ದಾಳಾ?” ಎಂದು ಕೇಳುತ್ತಿದ್ದಳು.

ಗೆಳತಿಯನ್ನು ಕೆಂಗೇರಿಗೆ ಮದುವೆ ಮಾಡಿಕೊಟ್ಟರು. ಅವಳ ಮನೆಗೆ ಹೋದಾಗಲೆಲ್ಲ, “ನಿನ್ನಿಂದ ಬದುಕಿದೀನಿ ಕಣೇ,” ಎನ್ನದೆ ಇರಲಾರೆ. ಅವಳು, “ದೊಡ್ಡಮ್ಮನಿಂದ ಅನ್ನು. ಎದ್ದು ಕೈ ತೊಳ್ಕೋ, ಊಟ ಆರ್ತಾ ಇದೆ,” ಎನ್ನುತ್ತಾಳೆ.