ಯಲ್ಲವ್ವನ ಹಿಡಿ ಜೋಳ

ಶಾಂತಕ್ಕಾ, ನಿಮ್ಮ ಹಾಸ್ಟೆಲಿನ ಜೋಳದ ಡ್ರಮ್ಮುಗಳ ಸುದ್ದಿಯನ್ನು ಮೇಲಿನವರಿಗೆ ಮುಟ್ಟಿಸಿದವನು ನಾನು. ಯಲ್ಲವ್ವ ಅಲ್ಲ. ಈ ಮಾತು ಎಷ್ಟೋ ಸಲ ಗಂಟಲಿಗೆ ಬಂದು ತಿರುಗಿ ಹೋಗಿದೆ — ಅದಕ್ಕೇ ಇವತ್ತು ಮೊದಲು ಇದನ್ನೇ ಬರೆದುಬಿಟ್ಟೆ. ಇಲ್ಲದಿದ್ದರೆ ಊರ ಸುದ್ದಿಯೆಲ್ಲ ಹೇಳಿ ಇದೊಂದನ್ನು ಬಿಟ್ಟುಬಿಡುತ್ತಿದ್ದೆ. ನನ್ನ ಬಾಯಿ ನಿಮಗೆ ಗೊತ್ತೇ ಇದೆ.

ಮುನವಳ್ಳಿಯ ಹೆಣ್ಣುಮಕ್ಕಳ ಹಾಸ್ಟೆಲಿಗೆ ಆಗ ನೀವು ವಾರ್ಡನ್, ಯಲ್ಲವ್ವ ದಿನಗೂಲಿಯ ಅಡಿಗೆಯವಳು. ನಾನು ಸವದತ್ತಿ ಕಚೇರಿಯಲ್ಲಿ ತಾಲೂಕಿನ ಹಾಸ್ಟೆಲುಗಳ ಬಜೆಟ್ ಅಂದಾಜು ಬರೆಯುವ ಗುಮಾಸ್ತ. ಜೂನಿನಲ್ಲಿ ಸಾಲಿ ಶುರುವಾದರೂ ಹೊಸ ವರ್ಷದ ಅನುದಾನ ಬೆಂಗಳೂರಿನಿಂದ ಇಳಿದು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತಿತ್ತು. ಉಳಿದ ವಾರ್ಡನ್‌ಗಳು ಹುಡುಗಿಯರನ್ನು ಟ್ರಂಕಿನ ಸಮೇತ ಊರಿಗೆ ತಿರುಗಿ ಕಳಿಸುತ್ತಿದ್ದರು. ನಿಮ್ಮಲ್ಲಿ ಮಾತ್ರ ಮೊದಲ ದಿನವೇ ಒಲೆ ಹೊತ್ತುತ್ತಿತ್ತು. ಯಾಕೆಂದರೆ ಯಲ್ಲವ್ವ ವರ್ಷವಿಡೀ, ರೊಟ್ಟಿಗೆಂದು ಜೋಳ ಅಳೆದಾಗೆಲ್ಲ, ಅದರಿಂದ ಒಂದು ಹಿಡಿ ತೆಗೆದು ಡ್ರಮ್ಮಿಗೆ ಹಾಕುತ್ತಿದ್ದಳು. ಹುಳ ಬೀಳದಂತೆ ನಡುನಡುವೆ ಬೇವಿನ ಸೊಪ್ಪು. ತವರಿನಲ್ಲಿ ಕಲಿತದ್ದಂತೆ.

ನಾನು ಬಂದಾಗೆಲ್ಲ ಆ ಡ್ರಮ್ಮುಗಳನ್ನು ಬಡಿದು ತೋರಿಸಿ ನೀವು ನನ್ನ ಕಾಲೆಳೆಯುತ್ತಿದ್ದಿರಿ. "ನಿಮ್ಮ ಬಜೆಟ್ಟಿಗಿಂತ ನಮ್ಮ ಯಲ್ಲವ್ವನ ಹಿಡಿ ಭೇಷ್ ಐತಿ ತಮ್ಮಾ. ಮಾರ್ಚ್ ಬಂತಂದ್ರ ನೀವು ಇದ್ದದ್ದೆಲ್ಲಾ ಖಾಲಿ ಮಾಡೂ ಮಂದಿ." ನಾನು ನಕ್ಕು ಇನ್ನೊಂದು ರೊಟ್ಟಿ ಹಾಕಿಸಿಕೊಳ್ಳುತ್ತಿದ್ದೆ. ಆ ರೊಟ್ಟಿಯ ಋಣ — ಇರಲಿ.

ಆ ವರ್ಷ ಮೇಲಿನಿಂದ ಒಂದು ಸುತ್ತೋಲೆ ಬಂತು. ಸರಕಾರದ ವರಮಾನ ಇಳಿಯುತ್ತಿದೆ, ಬರುವ ವರ್ಷ ಇನ್ನೂ ಕೆಡಬಹುದು. ಬಜೆಟ್ಟಿಗೆ ಮುಂಚೆಯೇ ಪ್ರತಿ ಕಚೇರಿಯೂ ಎಲ್ಲಿ ಕಡಿಮೆ ಮಾಡಬಹುದೆಂದು ತಿಳಿಸಬೇಕು, ಹೆಚ್ಚಿಗೆ ಇರುವ ಸಿಬ್ಬಂದಿಯನ್ನೂ ತೋರಿಸಬೇಕು ಎಂದು. ಮಾತು ಸರಿಯಾಗಿಯೇ ಇತ್ತು. ಆದರೆ ನಮ್ಮಲ್ಲಿನ ರೂಢಿ ನಿಮಗೆ ಗೊತ್ತು — ಹೇಗೂ ಅರ್ಧ ಕತ್ತರಿಸುತ್ತಾರೆಂದು ಎಲ್ಲರೂ ದುಪ್ಪಟ್ಟು ಕೇಳುವುದು. ಎಲ್ಲ ಹಾಸ್ಟೆಲಿನವರೂ ಕೊರತೆಯನ್ನೇ ಬರೆದಿದ್ದರು. ಖರ್ಚನ್ನು ಇದ್ದ ಹಾಗೆ ಬರೆದವರು ನೀವೊಬ್ಬರೇ. ಡ್ರಮ್ಮಿನ ಜೋಳ ಮಾತ್ರ ಯಾವ ಲೆಕ್ಕದಲ್ಲೂ ಇರಲಿಲ್ಲ.

ಕಚೇರಿಯಲ್ಲಿ ಎಲ್ಲರಿಗಿಂತ ಕೊನೆಗೆ ಸೇರಿದವನು ನಾನು. ಸಾಹೇಬರು ಎಲೆ ಅಡಿಕೆ ಜಗಿಯುತ್ತಲೇ ಹೇಳಿದರು: "ಎಲ್ಲ್ಯರೆ ಒಂದ ಕಡೆ ಉಳಿತಾಯ ತೋರಸ್ರಿ. ಇಲ್ಲಾಂದ್ರ ನಿಮ್ಮ ಕುರ್ಚಿನ ತೋರಸಬೇಕಾಗತೈತಿ." ನಗುತ್ತಾ ಹೇಳಿದ್ದರು. ನನಗದು ತಮಾಷೆಯಾಗಿ ಕೇಳಲಿಲ್ಲ. ಮನೆಯಲ್ಲಿ ಆಗಷ್ಟೇ — ಬೇಡ, ಅದನ್ನು ಹೇಳಿದರೆ ಸಬೂಬಾಗುತ್ತದೆ. ಮುನವಳ್ಳಿ ಹಾಸ್ಟೆಲಿನಲ್ಲಿ ಧಾನ್ಯದ ದಾಸ್ತಾನು ಸಾಕಷ್ಟಿದೆ, ಅನುದಾನ ತಗ್ಗಿಸಿದರೂ ನಡೆಯುತ್ತದೆ ಎಂದು ಬರೆದೆ. ಒಂದೇ ವಾಕ್ಯ. ನನ್ನ ಕುರ್ಚಿ ಉಳಿಯಿತು.

ಒಂದು ವರ್ಷದ ಮಾತು, ಹೇಗೋ ಸುಧಾರಿಸಿಕೊಳ್ಳುತ್ತಾರೆ ಎಂದು ನನಗೆ ನಾನೇ ಹೇಳಿಕೊಂಡೆ. ಸುಳ್ಳು. ಈ ವರ್ಷ ಖರ್ಚಾದದ್ದರ ಮೇಲೆಯೇ ಮುಂದಿನ ವರ್ಷದ ಅಂದಾಜು ನಿಲ್ಲುತ್ತದೆ, ಒಮ್ಮೆ ಇಳಿದದ್ದು ಮತ್ತೆ ಏರುವುದಿಲ್ಲ — ಇದನ್ನು ನನಗಿಂತ ಚೆನ್ನಾಗಿ ಬಲ್ಲವರು ಆ ಕಚೇರಿಯಲ್ಲಿ ಯಾರಿದ್ದರು?

ಕಡಿತದ ಆದೇಶವನ್ನು ನಿಮ್ಮಲ್ಲಿಗೆ ತಂದವನೂ ನಾನೇ. 'ದಾಸ್ತಾನು ಇರುವುದರಿಂದ' ಎಂಬ ಮಾತು ಬಂದಾಗ ನೀವು ಓದುವುದನ್ನು ನಿಲ್ಲಿಸಿದಿರಿ. ಒಳಗೆ ಯಲ್ಲವ್ವ ರೊಟ್ಟಿ ಬಡಿಯುವ ಸಪ್ಪಳ.

"ತಮ್ಮಾ, ಡ್ರಮ್ಮಿನ ಸುದ್ದಿ ಅವ್ರಿಗೆ ಯಾರು ಹೇಳಿದ್ರು?"

ನೀವು ನನ್ನ ಮೇಲೆ ಸಂಶಯಪಟ್ಟಿರಲಿಲ್ಲ. ನನ್ನನ್ನು ನಂಬಿ ಕೇಳಿದ್ದಿರಿ. ಸುಮ್ಮನಿದ್ದರೂ ಆಗುತ್ತಿತ್ತು. ನಾನು ಅಡಿಗೆಮನೆಯ ಕಡೆ ನೋಡಿದೆ.

"ಒಲಿ ಮುಂದ ಕುಂತವ್ರ ಬಾಯಿ ಯಾರು ಕಟ್ಟಬೇಕ್ರಿ ಅಕ್ಕಾರ."

ರೊಟ್ಟಿಯ ಸಪ್ಪಳ ನಿಂತಿತು. ನೀವು ಒಳಗೆ ಹೋದಿರಿ. ನೀವು ಏನೆಂದಿರೋ ನನಗೆ ಕೇಳಲಿಲ್ಲ, ಅವಳ ಮಾತು ಕೇಳಿತು. "ನನ್ನ ಕೈಯಾನ ಹಿಡಿ ಅಕ್ಕಾರ ಅದು. ನಾ ಯಾಕ ಹೇಳ್ಲಿ?" ಅವಳು ಅಳಲಿಲ್ಲ. ಹಿಟ್ಟಿನ ಕೈ ತೊಳೆದುಕೊಂಡು ನನ್ನ ಮುಂದೆಯೇ ಹಾದು ಹೋದಳು. ಹೋಗುವಾಗ ನನ್ನನ್ನು ನೋಡಿದಳು — ಅವಳಿಗೆ ಗೊತ್ತಾಗಿತ್ತು, ಶಾಂತಕ್ಕಾ. ಆದರೂ ಬಾಯಿ ಬಿಡಲಿಲ್ಲ. ಗುಮಾಸ್ತನ ಮೇಲೆ ದಿನಗೂಲಿಯವಳು ಹೇಳಿದರೆ ಯಾರು ನಂಬುತ್ತಿದ್ದರು?

ಯಲ್ಲವ್ವ ಮತ್ತೆ ಕೆಲಸಕ್ಕೆ ಬರಲಿಲ್ಲ. ದೀಪಾವಳಿಯ ಹೊತ್ತಿಗೆ ಡ್ರಮ್ಮುಗಳು ಬರಿದಾದವು. ಮರುವರ್ಷ ಹುಡುಗಿಯರನ್ನು ಕಡಿಮೆ ಮಾಡಿದರು. ಆಮೇಲೆ ಹಾಸ್ಟೆಲನ್ನೇ ಸವದತ್ತಿಯದರಲ್ಲಿ ಸೇರಿಸಿಬಿಟ್ಟರು. ದುಪ್ಪಟ್ಟು ಕೇಳಿದವರ ಹಾಸ್ಟೆಲುಗಳು ಇಂದಿಗೂ ಇವೆ.

ಕಳೆದ ತಿಂಗಳು, ಎಷ್ಟೋ ವರ್ಷಗಳ ಮೇಲೆ, ಕಿತ್ತೂರಿನಲ್ಲಿ ನೀವು ಸಿಕ್ಕು, ಕೈ ಹಿಡಿದು ಮನೆಗೆ ಕರೆದೊಯ್ದಿರಿ. ಚಹಾ ಕೊಡುತ್ತಾ ಅಂದಿರಿ: "ಎಲ್ಲಾ ಮರತೇನಿ ತಮ್ಮಾ. ಯಲ್ಲವ್ವ ಹಂಗ್ಯಾಕ ಮಾಡಿದ್ಲು ಅನ್ನೂದೊಂದು ಇನ್ನೂ ತಿಳೀವಲ್ದು." ನಾನು ಚಹಾ ಕುಡಿದೆ. ಬಿಸಿಯಾಗಿತ್ತು, ಬೇಗ ಬೇಗ ಕುಡಿದು ಎದ್ದುಬಂದೆ.

ಈಗ ದೇಶದೇಶಗಳ ಬ್ಯಾಂಕು ಬಿದ್ದ ಸುದ್ದಿ, ಮತ್ತೆ ಸರಕಾರದ ವರಮಾನ ಇಳಿಯುವ ಮಾತು. ನಾನು ವರ್ಗವಾಗಿ ಬಂದಿರುವ ಬೈಲಹೊಂಗಲದ ಮೇಜಿಗೂ ಅಂಥದೇ ಸುತ್ತೋಲೆ ಬಂದಿದೆ. ಎಲ್ಲಿ ಕಡಿಮೆ ಮಾಡಬಹುದು ಎಂದು ಕೇಳಿದ್ದಾರೆ. ಅದನ್ನು ಓದಿ ಮುಗಿಸಿದವನೇ ಈ ಪತ್ರ ಬರೆಯಲು ಕೂತೆ.

ಯಲ್ಲವ್ವ ಇನ್ನೂ ಮುನವಳ್ಳಿಯಲ್ಲೇ ಇದ್ದಾಳೆ, ವಿಚಾರಿಸಿದ್ದೇನೆ. ಮೊದಲು ಅವಳಲ್ಲಿಗೆ ಹೋಗುತ್ತೇನೆ. ಬರಲು ಒಪ್ಪಿದರೆ, ಬರುವ ರವಿವಾರ ಅವಳನ್ನು ನಿಮ್ಮ ಬಾಗಿಲಿಗೆ ಕರೆತರುತ್ತೇನೆ. ಅವಳನ್ನು ಒಳಗೆ ಕರೆಯಿರಿ ಶಾಂತಕ್ಕಾ. ನಾನು ಹೊರಗೆ ನಿಂತಿರುತ್ತೇನೆ.