ಎರಡು ಸಲ ಉಂಡ ಬಂದೂಕು

ನಮ್ಮ ಕಾಕಾನ ಬಲಗಣ್ಣು ಇವತ್ತಿಗೂ ಅದರ ಜಾಗದಲ್ಲೇ ಇದೆ ಎಂದರೆ ಅದಕ್ಕೆ ಕಾರಣ ನಾನು. ಅದು ಹೋಗುವ ಹಂತಕ್ಕೆ ಬಂದದ್ದಕ್ಕೂ ನಾನೇ ಕಾರಣ. ಆದರೆ ಆ ಮಾತನ್ನು ಮನೆಯಲ್ಲಿ ಯಾರೂ ಮರೆತಿಲ್ಲವಾದ್ದರಿಂದ ನಾನು ಒತ್ತಿ ಹೇಳುವುದಿಲ್ಲ.

ತಂಗಡಗಿಯ ಹತ್ತಿರ ಹೊಳೆ ದಂಡೆಗೆ ನಮ್ಮ ಕಬ್ಬು. ಕಬ್ಬಿಗೆ ಕಾಡುಹಂದಿ. ಹಂದಿಗೆ ಅಜ್ಜನ ಲೈಸೆನ್ಸಿನ ಬಂದೂಕು. ಹಳೇ ಕಾಲದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಚಿಂದಿ ತುರುಕಿ, ಗುಂಡು ಇಳಿಸಿ, ಮೇಲೆ ಇನ್ನೊಂದು ಚಿಂದಿ ಹಾಕಿ ಕಬ್ಬಿಣದ ಗಜದಿಂದ ಗುದ್ದಬೇಕು. ಅಜ್ಜ ಇದಕ್ಕೆ ‘ಉಣಿಸೂದು’ ಎನ್ನುತ್ತಾನೆ.

ಅವತ್ತು ಹಾಡಹಗಲೇ ಹಂದಿ ನುಗ್ಗಿತು. ಕಾಕಾ ಗುರಿ ಹಿಡಿದು ಕುದುರೆ ಎಳೆದ. ‘ಟಪ್’ ಎಂದು ಮದ್ದಿಗೆ ಕಿಡಿ ಕೊಡುವ ಕೇಪು ಮಾತ್ರ ಸಿಡಿಯಿತು, ಗುಂಡು ಹಾರಲಿಲ್ಲ. ಹಂದಿ ಆನೆಯಷ್ಟಿತ್ತು. ಕರುವಿನಷ್ಟಿತ್ತು ಎಂದು ಕಾಕಾ ಹೇಳುತ್ತಾನೆ. ಅವನು ಅಷ್ಟರಲ್ಲಿ ಬಂದೂಕು ಬಿಸಾಡಿ ಜಾಲಿ ಮರದ ತುದಿ ಸೇರಿದ್ದ, ಅಲ್ಲಿಂದ ಎಲ್ಲವೂ ಸಣ್ಣದಾಗಿಯೇ ಕಾಣುತ್ತದೆ. ಕೆಳಗೆ ನಮ್ಮ ನಾಯಿ ಒಂದೇ ಎದುರು ನಿಂತಿತು. ಹಂದಿ ಒಮ್ಮೆ ತಲೆ ಎತ್ತಿತು, ಅಷ್ಟೇ. ನಾಯಿಯ ಕರುಳು ಕಾಲುವೆಯ ಕೆಸರಿನಲ್ಲಿ ಹರಡಿಬಿತ್ತು. ಇದರಲ್ಲಿ ನಾನು ಒಂದಿಂಚೂ ಸೇರಿಸಿಲ್ಲ.

ಕಾಕಾ ಮುಳ್ಳು ಚುಚ್ಚಿಸಿಕೊಂಡು ಇಳಿದು, ಅಳುತ್ತ ನಾಯಿಗೆ ಕುಣಿ ತೋಡತೊಡಗಿದ. ಬಂದೂಕಿಗೆ ಯಾರೂ ಉಣಿಸಿಯೇ ಇಲ್ಲ ಎಂದು ನಾನು ತೀರ್ಮಾನಿಸಿದೆ. ಅದನ್ನು ಹೊಲದ ಗುಡಿಸಲಿಗೆ ಒಯ್ದು ಒಂದೂವರೆ ಪಟ್ಟು ಮದ್ದು ಸುರಿದೆ, ಗುಂಡು ಇಳಿಸಿದೆ. ಚಿಂದಿ ಸಿಗಲಿಲ್ಲ. ಕಿಸೆಯಲ್ಲಿ ಗಣಿತದ ಉತ್ತರಪತ್ರಿಕೆ ಇತ್ತು: ಕೆಂಪು ಶಾಯಿಯಲ್ಲಿ ನೂರಕ್ಕೆ ಹನ್ನೊಂದು, ಕೆಳಗೆ ನಾನೇ ಮಾಡಿದ ಅಪ್ಪನ ಸಹಿ. ಅದನ್ನೇ ಉಂಡೆ ಮಾಡಿ ಮೇಲೆ ತುರುಕಿದೆ. ಹಂದಿಯೂ ಸಾಯುತ್ತದೆ, ಸಾಕ್ಷಿಯೂ ಸುಡುತ್ತದೆ!

ಗಜ ಇಳಿಸಿದೆ. ಉಣಿಸಿದ ಮೇಲೆ ಎಷ್ಟು ಹೊರಗಿರಬೇಕು ಎಂದು ಅಜ್ಜ ಗಜದ ಮೇಲೆ ಗೀರು ಹಾಕಿದ್ದ. ಆ ಗೀರು ನಳಿಗೆಯ ಬಾಯಿಂದ ಒಂದು ಗೇಣು ಮೇಲೆಯೇ ನಿಂತಿತು. ಒಳಗೆ ಮೊದಲಿನ ಊಟ ಹಾಗೇ ಕೂತಿದೆ. ಹೇಳಿದರೆ ಬಿಚ್ಚುತ್ತಾರೆ, ಬಿಚ್ಚಿದರೆ ಹನ್ನೊಂದು ಹೊರಬರುತ್ತದೆ. ಬಾಯಿ ಮುಚ್ಚಿಕೊಂಡೆ.

ಮರುದಿನ ಬೆಳಿಗ್ಗೆ ಚುನಾವಣೆಗೆಂದು ಬಂದೂಕನ್ನು ಮುದ್ದೇಬಿಹಾಳದ ಠಾಣೆಗೆ ಒಪ್ಪಿಸಬೇಕಿತ್ತು, ಖಾಲಿ ಮಾಡಿ.

“ಬಿಚ್ಚಾಕ ಯಾರಿಗೆ ಪುರಸೊತ್ತೈತಿ? ಹಾರಿಸಿದ್ರ ಮುಗೀತು,” ಎಂದು ಕಾಕಾ ಹೊಸ ಕೇಪು ಇಟ್ಟ.

“ಸಿಂದಗಿ ಕಡೆ ನನ್ನ ಗೆಳೆಯಾಂದು ಹಿಂಗ ನಳಿಗಿ ಒಡದಿತ್ತು,” ಎಂದ ಅಜ್ಜ, ಎಲೆ ಅಗಿಯುತ್ತ. “ಹಾರಿಹೋದ ಮೂರು ಬೆರಳು ಜ್ವಾಳದ ಹೊಲದಾಗ ಹುಡುಕಿದ್ರು. ಎರಡ ಸಿಕ್ವು.”

“ಆಂವ ಹೇಡಿ ಇದ್ದ, ಕೈ ನಡುಗಿರ್ಬೇಕು.” ಜಾಲಿ ಮರದ ವೀರ ಬಂದೂಕಿಗೆ ಗಲ್ಲ ಹಚ್ಚಿದ. ಬಲಗಣ್ಣು ತೆರೆಯಿತು. ಬೆರಳು ಬಿಗಿಯಿತು.

“ಕಾಕಾ, ತಡೀ! ಅದರಾಗ ಎರಡು ಊಟ ಅದಾವು!”

ಬೆರಳು ನಿಂತಿತು. “ಯಾಂವ ಉಣಿಸ್ಯಾನ?”

“ನಾನ.”

ಕಾಕಾನ ಮೊದಲ ಏಟಿಗೆ ನನಗೆ ಆಲಮಟ್ಟಿಯ ಅಣೆಕಟ್ಟು ಕಾಣಿಸಿತು, ಎರಡನೆಯದಕ್ಕೆ ಅದರ ಗೇಟುಗಳೆಲ್ಲ ತೆರೆದವು. ತುಟಿ ಒಡೆದು ಅಂಗಿಯ ಮೇಲೆ ರಕ್ತ ಬಿತ್ತು.

“ಬಡಿಯೂದು ಆಮ್ಯಾಲೆ. ಮದ್ಲ ಕೇಪ್ ತಗೀ,” ಎಂದು ಅಜ್ಜ ಗದರಿದ.

ಅಜ್ಜ ನಳಿಗೆಯನ್ನು ತಿಪ್ಪೆಯ ಕಡೆ ತಿರುಗಿಸಿದ. ಕೇಪು ಕೂರುವ ಮೊಳೆ ಬಿಚ್ಚಿ, ಆ ತೂತಿನಿಂದಲೂ ಬಾಯಿಂದಲೂ ನೀರು ಹಾಕಿ ಮದ್ದನ್ನು ನೆನೆಯಲು ಬಿಟ್ಟ. ಎರಡು ಸಲ ಚಹಾ ಆಯಿತು. ಆಮೇಲೆ ಗಜದ ತುದಿಗೆ ತಿರುಪು ಸಿಕ್ಕಿಸಿ ನನಗೇ ಕೊಟ್ಟ. “ಉಣಿಸಿದಾಂವನ ಕಕ್ಕಿಸ್ಬೇಕು. ಬಾಯಿ ಮುಂದ ಬರಬ್ಯಾಡ, ಬಾಜೂಕ ನಿಂದ್ರು.”

ತಿರುವಿದೆ, ಎಳೆದೆ. ಕಪ್ಪು ನೀರಿನ ಹಿಂದೆ ಒದ್ದೆ ಕಾಗದದ ಉಂಡೆ ಬಂತು.

“ಕಾಕಾ, ಹೊಲಸೈತಿ. ನಾ ಒಗದ ಬರ್ತೇನಿ.”

“ನಿನಗ ಯಾವಾಗಿಂದ ಸ್ವಚ್ಛತಾ ಹತ್ತಿತಲೇ?” ಕಾಕಾ ಕಸಿದುಕೊಂಡು ನಿಧಾನವಾಗಿ ಬಿಡಿಸಿದ. ಮದ್ದು, ನೀರು, ಗಜದ ಗುದ್ದು ಎಲ್ಲವನ್ನೂ ತಡೆದುಕೊಂಡು ಆ ಕೆಂಪು ಶಾಯಿ ಉಳಿದಿತ್ತು. ಎಡಗಣ್ಣು ಮುಚ್ಚಿ ಕಾಗದವನ್ನು ಬಿಸಿಲಿಗೆ ಹಿಡಿದ. ನಾನು ಉಳಿಸಿಕೊಟ್ಟ ಅದೇ ಬಲಗಣ್ಣಿನಿಂದ ಮೊದಲು ಅಂಕ ಓದಿದ, ಆಮೇಲೆ ಸಹಿ.